ಎಂಟು ಅಂದರೆ ಏನು

ಸೋಮವಾರ ಬೆಳಿಗ್ಗೆ ಲೋರ್ನಾ ಪ್ಯಾಸ್ಕೋ ಕೆಲಸಕ್ಕೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು. ಪೋರ್ಟ್ ಲಿಂಕನ್‌ನ ಮೀನಿನ ಶೈತ್ಯಾಗಾರದಲ್ಲಿ ಭಾನುವಾರ ಒಬ್ಬ ಮನುಷ್ಯ ಹೆಪ್ಪುಗಟ್ಟಿ ಸತ್ತಿದ್ದ. ಹೆಸರು ಫ್ರಾನೆ ಲೂಕಿನ್. ಐವತ್ತಾರು ವರ್ಷ. ಅಲ್ಲಿಯ ಮೇಸ್ತ್ರಿ. ತಮ್ಮನ ದೋಣಿಗೆ ಗಾಳಕ್ಕೆ ಸಿಕ್ಕಿಸುವ ಮೀನು ಒಂದು ಪೆಟ್ಟಿಗೆ ತರುತ್ತೇನೆಂದು ರಜೆಯ ದಿನ ಒಬ್ಬನೇ ಹೋಗಿದ್ದ. ಎರಡು ನಿಮಿಷದ ಕೆಲಸ ಅಂತ ದಪ್ಪ ಕೋಟು ಹಾಕಿರಲಿಲ್ಲ, ಫೋನು ಗಾಡಿಯಲ್ಲೇ ಇತ್ತು. ಫ್ರೀಜರಿನ ಬಾಗಿಲು ಬೆನ್ನ ಹಿಂದೆ ಮುಚ್ಚಿಕೊಂಡಿತು. ಒಳಗಿನ ಹಿಡಿಕೆ ಮಂಜುಗಟ್ಟಿ ತಿರುಗಲಿಲ್ಲ. ಸಂಜೆ ನಾಲ್ಕಕ್ಕೆ ತಮ್ಮ ಹುಡುಕಿಕೊಂಡು ಬಂದು ಬಾಗಿಲು ತೆಗೆದಾಗ ಅವನು ಗೋಡೆಗೆ ಒರಗಿ ಕೂತಿದ್ದ.

ಆ ಶೈತ್ಯಾಗಾರದ ಅಲಾರಂ ನೋಡಿಕೊಳ್ಳುತ್ತಿದ್ದದ್ದು ಮೂರು ಗಂಟೆ ದೂರದ ವಯಾಲ ಊರಿನಲ್ಲಿದ್ದ ಲೋರ್ನಾಳ ನಿಗಾ ಕೇಂದ್ರ. ಹನ್ನೊಂದು ಜನರ ಸಣ್ಣ ಆಫೀಸು, ಕಿಟಕಿಯಿಲ್ಲದ ಒಂದು ಕೋಣೆ, ನಾಲ್ಕು ಮೇಜು. ಲೋರ್ನಾ ಅಲ್ಲಿಗೆ ಬಂದು ಇಪ್ಪತ್ತೇಳು ವರ್ಷ. ಈಗ ಮೇಲ್ವಿಚಾರಕಿ.

ಟೀಗನ್ ಮೇಜಿನ ಮುಂದೆ ಕೋಟು ಕೂಡ ಬಿಚ್ಚದೆ ಕೂತಿದ್ದಳು. ಇಪ್ಪತ್ತನಾಲ್ಕರ ಹುಡುಗಿ. ಭಾನುವಾರ ಹಗಲಿನ ಪಾಳಿ ಅವಳದ್ದೇ.

"ನಿನ್ನೆ ಅಲ್ಲಿಂದ ಏನೂ ಬರ್ಲಿಲ್ಲ ಲೋರ್ನಾ. ಆಣೆ ಮಾಡಿ ಹೇಳ್ತೀನಿ. ಕರೆಂಟ್ ಹೋಗಿದೆ ಅಂತ ಒಂದೇ ಒಂದು ಬಂತು. ಒಂದು ಗಂಟೆ ಕಾದೆ, ಕರೆಂಟ್ ಬಂದಿದ್ದು ತೋರಿಸ್ಲಿಲ್ಲ, ಶೈತ್ಯಾಗಾರದ ಯಜಮಾನನ ಫೋನಿಗೆ ಮೆಸೇಜ್ ಹಾಕ್ದೆ. ನಿಯಮ ಹಾಗೇ ಅಲ್ವಾ?"

"ಹಾಗೇ. ಯಜಮಾನ ಏನಂದ?"

"ಅವ್ರು ದೋಣೀಲಿ ದೂರ ಹೋಗಿದ್ರಂತೆ. ಸಿಗ್ನಲ್ ಇರ್ಲಿಲ್ಲ."

"ಮೊದ್ಲು ಕೋಟು ಬಿಚ್ಚು. ಒಂದು ಟೀ ಕುಡಿ. ನಾನು ನೋಡ್ತೀನಿ."

ಆ ಕಡೆ ಕರೆಂಟ್ ಹೋಗುವುದು ಯಾವ ದೊಡ್ಡ ಸುದ್ದಿಯೂ ಅಲ್ಲ. ಗಾಳಿ ಸ್ವಲ್ಪ ಜೋರಾದರೆ ಅರ್ಧ ಜಿಲ್ಲೆಯ ಅಲಾರಂಗಳು ಕರೆಂಟ್ ಹೋಯಿತು, ಕರೆಂಟ್ ಬಂತು ಅಂತ ವರದಿ ಒಪ್ಪಿಸುತ್ತವೆ. ಎಲ್ಲಕ್ಕೂ ಫೋನು ಮಾಡುತ್ತ ಕೂತರೆ ಕಳ್ಳ ಬಂದ ಮನೆಯನ್ನು ನೋಡುವವರು ಯಾರು? ಅದಕ್ಕೇ ಒಂದು ಗಂಟೆ ಕಾಯುವ ನಿಯಮ. ಕರೆಂಟ್ ಬಂತು ಅನ್ನುವ ತನಕ ಅದೇ ಜಾಗದಿಂದ ಅದೇ ವರದಿ ಮತ್ತೆ ಬಂದರೆ ಕಂಪ್ಯೂಟರ್ ಅದನ್ನು ಮೊದಲನೆಯದರ ಕೆಳಗೆ ಮಡಿಸಿಡುತ್ತದೆ. ಪರದೆಯ ಮೇಲೆ ಒಂದೇ ಸಾಲು.

ಲೋರ್ನಾ ಆ ಸಾಲನ್ನು ಬಿಚ್ಚಿದಳು.

ಮೊದಲನೆಯದೂ ಸೇರಿ ಏಳು ಸಾಲು ಇದ್ದವು. ಹನ್ನೊಂದು ಗಂಟೆ ನಾಲ್ಕು ನಿಮಿಷ. ಅದೇ ನಿಮಿಷದಲ್ಲಿ ಇನ್ನೊಂದು. ಹನ್ನೊಂದು ಆರು. ಹನ್ನೊಂದು ಹನ್ನೊಂದು. ಹನ್ನೊಂದು ಇಪ್ಪತ್ತೈದು. ಹನ್ನೊಂದು ಐವತ್ತೆರಡು. ಕೊನೆಯದು ಹನ್ನೆರಡು ಮೂವತ್ತೆಂಟು. ಏಳಕ್ಕೂ ಎದುರಿಗೆ ಒಂದೇ ಬರಹ: ಕರೆಂಟ್ ಹೋಗಿದೆ.

ಅವಳು ಪರದೆಯನ್ನೇ ನೋಡುತ್ತ ಕೂತಳು. ಹೋದ ಕರೆಂಟು ಬಾರದೆ ಮತ್ತೆ ಹೇಗೆ ಹೋಗುತ್ತದೆ? ನಡುವೆ ಒಂದು ಸಲವಾದರೂ ಕರೆಂಟ್ ಬಂತು ಅಂತ ಇರಬೇಕಲ್ಲ. ಇರಲಿಲ್ಲ. ಮೊದಮೊದಲು ನಿಮಿಷಕ್ಕೊಂದು, ಆಮೇಲೆ ಕಾಲು ಗಂಟೆಗೊಂದು, ಆಮೇಲೆ ಮುಕ್ಕಾಲು ಗಂಟೆಗೊಂದು. ಕರೆಂಟಿಗೆ ಹೀಗೆ ಸುಸ್ತಾಗುವುದಿಲ್ಲ.

ಬಲಗಡೆ ಸಣ್ಣ ಅಕ್ಷರದಲ್ಲಿ ಅಲಾರಂ ಪೆಟ್ಟಿಗೆ ನಿಜವಾಗಿ ಕಳಿಸಿದ್ದು ಇತ್ತು. ನಾಲ್ಕು ನಾಲ್ಕು ಒಂದು ಏಳು, ಅದು ಶೈತ್ಯಾಗಾರದ ಸಂಖ್ಯೆ. ಅದರ ಪಕ್ಕದಲ್ಲಿ ಎಂಟು.

ಈ ಹಳೆಯ ಪೆಟ್ಟಿಗೆಗಳಿಗೆ ಮಾತು ಕಡಿಮೆ. ತಾವೇ ಕೇಂದ್ರಕ್ಕೆ ಫೋನು ಮಾಡಿ, ಕೇಂದ್ರ ಹೂಂ ಅಂದ ಮೇಲೆ, ತಮ್ಮ ನಾಲ್ಕಂಕಿಯ ಸಂಖ್ಯೆ ಮತ್ತು ಹಿಂದೆ ಒಂದೇ ಒಂದು ಅಂಕಿಯನ್ನು ಟಕಟಕ ಬಡಿದು ಸುಮ್ಮನಾಗುತ್ತವೆ. ಹೊಸ ಪೆಟ್ಟಿಗೆಗಳು ಹಾಗಲ್ಲ. ಅವುಗಳಲ್ಲಿ ಬೆಂಕಿಗೊಂದು ಸಂಖ್ಯೆ, ಕಳ್ಳನಿಗೊಂದು, ಕರೆಂಟಿಗೊಂದು, ಯಾವ ಊರಿಗೆ ಹೋದರೂ ಅದೇ. ಹಳೆಯವುಗಳಲ್ಲಿ ಎಂಟು ಅಂದರೆ ಏನು ಅನ್ನುವುದು ಪೆಟ್ಟಿಗೆಗೂ ಗೊತ್ತಿಲ್ಲ, ತಂತಿಗೂ ಗೊತ್ತಿಲ್ಲ. ಅದನ್ನು ಗೋಡೆಗೆ ಕೂರಿಸಿದವನು ಒಂದು ಕಾರ್ಡಿನಲ್ಲಿ ಬರೆದು ಕೇಂದ್ರಕ್ಕೆ ಕಳಿಸಬೇಕು. ಕಾರ್ಡು ಇಲ್ಲದಿದ್ದರೆ ಅದು ಬರೀ ಅಂಕಿ.

ಮೂರು ವರ್ಷದ ಹಿಂದೆ ಹೊಸ ಕಂಪ್ಯೂಟರ್ ಬಂದಾಗ ಆ ಕಾರ್ಡುಗಳನ್ನೆಲ್ಲ ಅದರೊಳಗೆ ಸೇರಿಸಿದವಳು ಲೋರ್ನಾ. ಪೋರ್ಟ್ ಲಿಂಕನ್ ಕಡೆಯ ನೂರ ನಲವತ್ತು ಹಳೆಯ ಪೆಟ್ಟಿಗೆಗಳನ್ನು ಕೂರಿಸಿದ್ದು ಒಬ್ಬನೇ ಮನುಷ್ಯ, ಮರ್ವ್ ಟ್ರೆಗಿಲ್ಗಸ್. ಅವನದು ಒಂದೇ ಪದ್ಧತಿ. ಒಂದರಿಂದ ಏಳು ಬಾಗಿಲು ಕಿಟಕಿ, ಎಂಟು ಕರೆಂಟ್ ಹೋಗಿದ್ದು, ಒಂಬತ್ತು ಪೆಟ್ಟಿಗೆಯ ಬ್ಯಾಟರಿ ಸೋತಿದ್ದು. ಲೋರ್ನಾ ಹತ್ತು ಕಾರ್ಡು ತೆಗೆದು ನೋಡಿದಳು, ಹತ್ತೂ ಒಂದೇ. ಒಂದು ಅಚ್ಚು ಮಾಡಿ ನೂರ ನಲವತ್ತಕ್ಕೂ ಒತ್ತಿಬಿಟ್ಟಳು. ಎರಡು ವಾರದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಆವತ್ತು ಎಲ್ಲರೂ ಅವಳನ್ನು ಹೊಗಳಿದ್ದರು, ಕೇಕು ಕೂಡ ಬಂದಿತ್ತು. ಕಾರ್ಡುಗಳು ಆ ವಾರವೇ ಕಾಗದ ಚೂರು ಮಾಡುವ ಯಂತ್ರಕ್ಕೆ ಹೋದವು.

ಲೋರ್ನಾ ಹೊರಗೆ ಹೋಗಿ, ಕಾರಿನೊಳಗೆ ಕೂತು, ಮರ್ವ್‌ಗೆ ಫೋನು ಮಾಡಿದಳು. ಅವನಿಗೆ ಈಗ ಎಪ್ಪತ್ತೊಂದು. ಕೆಲಸ ಬಿಟ್ಟು ಪೋರ್ಟ್ ಲಿಂಕನ್‌ನಲ್ಲೇ ಕೋಳಿ ಸಾಕಿಕೊಂಡಿದ್ದ.

"ಯಾರು, ಲೋರ್ನಿನಾ? ಬದುಕಿದ್ದೀಯಾ ಇನ್ನೂ? ನಾನು ಸತ್ತಿದ್ದೀನಾ ಅಂತ ನೋಡೋಕೆ ಫೋನ್ ಮಾಡಿದ್ಯಾ?"

"ಮರ್ವ್, ತಮಾಷೆ ಬೇಡ ಇವತ್ತು. ಲೂಕಿನ್ ವಿಷಯ ಗೊತ್ತಾಯ್ತಲ್ಲ?"

ಮರ್ವ್ ಕೋಳಿಗಳನ್ನು ದೂರ ಅಟ್ಟಿದ. "ಗೊತ್ತಾಗ್ದೆ ಏನು. ಊರೆಲ್ಲ ಅದೇ ಮಾತು. ಆಗ್ಲೇ ತೀರ್ಪೂ ಆಗೋಗಿದೆ ಕಣಮ್ಮ, ಪಬ್ಬಿನಲ್ಲಿ. ಫ್ರಾನೆ ಮತ್ತೆ ಶುರು ಹಚ್ಕೊಂಡಿದ್ದನಂತೆ. ಕುಡಿದು ಒಳಗೆ ಹೋಗಿ ಮಲ್ಕೊಂಡನಂತೆ. ಇಲ್ಲಾಂದ್ರೆ ಒಳಗೆ ಬಟನ್ ಇರೋದು ಅಲ್ಲಿಯ ಮೇಸ್ತ್ರಿಗೆ ಗೊತ್ತಿಲ್ವಾ ಅಂತ ಕೇಳ್ತಾರೆ."

"ಕುಡೀತಿದ್ನಾ?"

"ಒಂದು ಕಾಲದಲ್ಲಿ ಮೀನಿನ ಹಾಗೆ ಕುಡೀತಿದ್ದ. ಬಿಟ್ಟು ಒಂಬತ್ತು ವರ್ಷ ಆಯ್ತು. ಬಿಟ್ಟಿದ್ದನ್ನ ಯಾರು ನೆನಪಿಟ್ಕೋತಾರೆ ಹೇಳು."

"ಆ ಬಟನ್ ನೀನೇ ಹಾಕಿದ್ದಾ?"

"ನಾನಲ್ದೆ ನಮ್ಮಪ್ಪ ಹಾಕಿದ್ನಾ? ಕೆಂಪು ಬಟನ್, ಅಂಗೈಯಷ್ಟು ಅಗಲ. ಒತ್ತಿದ್ರೆ ನಿಮ್ಮಲ್ಲಿಗೆ ಬರುತ್ತೆ."

"ಎಷ್ಟು ಅಂತ ಬರುತ್ತೆ?"

"ನನ್ನ ಪುಸ್ತಕ ನೋಡ್ಬೇಕು. ತಾಳು." ಅವನು ಹೋದ. ಬಾಗಿಲು ತೆಗೆದ, ಏನೋ ಬೀಳಿಸಿದ, ಬೈದುಕೊಂಡ. ಲೋರ್ನಾ ಕಾರಿನ ಸ್ಟಿಯರಿಂಗ್ ಹಿಡಿದುಕೊಂಡು ಕಾದಳು. "ಹಾಂ, ಸಿಕ್ತು. ಅಲ್ಲಿ ಮಾತ್ರ ಒಂದು ಜಾಸ್ತಿ ಇತ್ತು ನೋಡು, ಆ ಬಟನ್ನು. ಅದಕ್ಕೆ ಎಲ್ಲಾನೂ ಒಂದು ಮನೆ ಮುಂದೆ ತಳ್ಳಿದೆ. ಎಂಟು ಫ್ರೀಜರ್ ಬಟನ್. ಒಂಬತ್ತು ಕರೆಂಟ್. ಬ್ಯಾಟರಿಗೆ ಅಂಕಿ ಉಳೀಲಿಲ್ಲ, ಬಿಟ್ಟೆ. ಕಾರ್ಡಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೆ ಕಣೇ. ಎಂಟು, ಒಳಗೆ ಮನುಷ್ಯ ಸಿಕ್ಕಿಹಾಕ್ಕೊಂಡಿದ್ದಾನೆ, ತಕ್ಷಣ ಫೋನ್ ಮಾಡಿ ಅಂತ. ಕೆಳಗೆ ಎರಡು ಗೆರೆ ಎಳೆದಿದ್ದೆ."

ಲೋರ್ನಾ ಕಾರಿನ ಕಿಟಕಿ ಇಳಿಸಿದಳು.

"ಯಾಕೆ ಲೋರ್ನಿ? ಬಂತಾ ಎಂಟು?"

"ಬಂತು."

"ಎಷ್ಟು ಸಲ?"

ಅವಳು ಹೇಳಿದಳು. ಮರ್ವ್ ಪುಸ್ತಕ ಮುಚ್ಚಿದ ಸದ್ದಾಯಿತು. ಆಮೇಲೆ ಹೇಳಿದ, "ಹೋದ ವರ್ಷ ಬಿರುಗಾಳಿಗೆ ನಮ್ಮೂರಲ್ಲಿ ಕರೆಂಟ್ ಹೋಯ್ತಲ್ಲ. ಆಗ ಅಲ್ಲಿಗೆ ಹೊಸ ಬ್ಯಾಟರಿ ಹಾಕೋಕೆ ಯಾರನ್ನೋ ಕಳಿಸಿದ್ರಿ. ಹಳೇ ಬ್ಯಾಟರಿ ಚೆನ್ನಾಗೇ ಇತ್ತಂತೆ. ಅವನು ಬಂದು ನನ್ನ ಹತ್ರ ನಕ್ಕಿದ್ದ. ನಾನೂ ನಕ್ಕೆ. ನಗ್ಬಾರ್ದಿತ್ತು. ಯಾಕೆ ಅಂತ ಕೇಳ್ಬೇಕಿತ್ತು."

ಆ ಬ್ಯಾಟರಿಗೆ ಚೀಟಿ ಬರೆದವಳೂ ಲೋರ್ನಾನೇ. ಒಂಬತ್ತು ಬಂದಿತ್ತು, ಪರದೆ ಬ್ಯಾಟರಿ ಅಂದಿತ್ತು, ಅವಳು ನಂಬಿದ್ದಳು.

ಒಳಗೆ ಬಂದವಳು ಮೊದಲು ಮಾಡಿದ್ದು ಮನೇಜರ್ ಗಾರ್ತ್‌ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಎಲ್ಲವನ್ನೂ ಹೇಳಿದ್ದು. ಗಾರ್ತ್ ಕೆಟ್ಟವನಲ್ಲ. "ಇನ್ನು ನೂರ ಮೂವತ್ತೊಂಬತ್ತು ಇವೆಯಲ್ಲ," ಅಂದಳು ಲೋರ್ನಾ. "ಒಂದೊಂದನ್ನೂ ಒತ್ತಿ ನೋಡ್ಬೇಕು. ಇವತ್ತೇ." ಅದಕ್ಕೆ ಅವನು ಒಂದು ಕ್ಷಣವೂ ತಡೆಯಲಿಲ್ಲ. ಎಲ್ಲರನ್ನೂ ಫೋನಿಗೆ ಕೂರಿಸಿದ. ಎರಡು ಹಗಲು ಟೀಗನ್ ಮತ್ತು ಲೋರ್ನಾ ಪಕ್ಕಪಕ್ಕ ಕೂತು ಅಂಗಡಿ, ಗೋದಾಮು, ಶಾಲೆ, ಮನೆ ಎಲ್ಲಕ್ಕೂ ಫೋನು ಮಾಡಿದರು. "ದಯವಿಟ್ಟು ಹಿಂಬಾಗಿಲು ತೆಗೀರಿ. ಈಗ ಮುಚ್ಚಿ. ಬೇರೆ ಬಟನ್ ಏನಾದ್ರೂ ಇದ್ಯಾ? ಅದನ್ನ ಒತ್ತಿ." ಇನ್ನೂ ಎರಡು ಕಡೆ ಅಂಕಿಗಳು ಮುಂದೆ ಸರಿದಿದ್ದವು. ಒಂದು ಪೆಟ್ರೋಲ್ ಬಂಕು. ಇನ್ನೊಂದು ಮುದುಕರನ್ನು ನೋಡಿಕೊಳ್ಳುವ ಮನೆ, ಅಲ್ಲಿಯ ಬಚ್ಚಲಿನಲ್ಲಿ ಬಿದ್ದರೆ ಎಳೆಯುವ ದಾರ.

"ಆ ದಾರ ಹೋದ ತಿಂಗಳು ಯಾರೋ ಎಳೆದಿದ್ರು," ಅಂದಳು ಟೀಗನ್, ಹಳೆಯ ದಾಖಲೆ ನೋಡಿ. "ನಾವು ಕರೆಂಟ್ ಅಂದ್ಕೊಂಡ್ವಿ. ಪುಣ್ಯಕ್ಕೆ ಅಲ್ಲಿ ನರ್ಸ್ ಇದ್ರು." ಆಮೇಲೆ ಅವಳು ಮುಂದಿನ ನಂಬರು ಒತ್ತಿದಳು.

ಬುಧವಾರ ಗಾರ್ತ್ ಲೋರ್ನಾಳನ್ನು ಕರೆದ. ಮೇಜಿನ ಮೇಲೆ ಒಂದು ಹಾಳೆ ಇತ್ತು. ತನಿಖೆ ಮಾಡುವವರಿಗೆ ಕಳಿಸುವ ಹೇಳಿಕೆ, ವಕೀಲರು ಬರೆದುಕೊಟ್ಟದ್ದು. ಭಾನುವಾರ ಆ ಸ್ಥಳದಿಂದ ಕರೆಂಟ್ ಹೋದ ವರದಿ ಮಾತ್ರ ಕೇಂದ್ರದ ದಾಖಲೆಯಲ್ಲಿದೆ, ತುರ್ತು ವರದಿ ಯಾವುದೂ ಇಲ್ಲ, ಪೆಟ್ಟಿಗೆ ಹಳೆಯದು, ಬದಲಾಯಿಸಿ ಎಂದು ಯಜಮಾನರಿಗೆ ಎರಡು ಸಲ ಪತ್ರ ಬರೆಯಲಾಗಿತ್ತು. ಕೆಳಗೆ ಮೇಲ್ವಿಚಾರಕಿಯ ಸಹಿಗೆ ಜಾಗ.

"ಇದ್ರಲ್ಲಿ ಒಂದು ಸುಳ್ಳೂ ಇಲ್ಲ ಲೋರ್ನಾ," ಅಂದ ಗಾರ್ತ್.

"ಒಂದೂ ಇಲ್ಲ. ಅದೇ ಕಷ್ಟ."

"ನೋಡು, ಹನ್ನೊಂದು ಜನ ಇದ್ದೀವಿ. ಇದು ಹೊರಗೆ ಬಿದ್ರೆ ಈ ಬಾಗಿಲು ಮುಚ್ಚುತ್ತೆ. ಮುಚ್ಚಿದ್ರೆ ಅವನೇನು ಎದ್ದು ಬರ್ತಾನಾ? ಬರಲ್ಲ. ಟೀಗನ್ ಗತಿ ಏನು? ನಿನ್ನ ಗತಿ? ಒತ್ತಿದ ಅಚ್ಚು ನಿಂದು. ಕಾರ್ಡು ನೋಡ್ದೆ ಒತ್ತಿದ್ದು ನೀನು. ನಾನು ನಿನ್ನನ್ನ ಉಳಿಸೋಕೆ ನೋಡ್ತಿದ್ದೀನಿ ಕಣೇ."

"ಗೊತ್ತು."

"ಹಾಗಾದ್ರೆ ಸಹಿ ಹಾಕು."

ಲೋರ್ನಾ ಹಾಳೆಯನ್ನು ಮತ್ತೆ ಓದಿದಳು. ಇದಕ್ಕೆ ಸಹಿ ಬಿದ್ದರೆ ಫ್ರಾನೆ ಲೂಕಿನ್ ಬಟನ್ ಒತ್ತಲೇ ಇಲ್ಲ ಅಂತಾಗುತ್ತದೆ. ಕೈಗೆ ಸಿಗುವಲ್ಲಿದ್ದ ಬಟನ್ನನ್ನು ಯಾಕೆ ಒತ್ತಲಿಲ್ಲ? ಪಬ್ಬಿನಲ್ಲಿ ಆಗಲೇ ಹೇಳಿಯಾಗಿದೆ ಯಾಕೆ ಅಂತ. ಒಂಬತ್ತು ವರ್ಷ ಕುಡಿತ ಬಿಟ್ಟಿದ್ದನ್ನು ಅವನ ಸಮಾಧಿಯ ಮೇಲೆ ಅಳಿಸಿದಂತಾಗುತ್ತದೆ. ಬೇಕಾದರೆ ರಕ್ತದ ಪರೀಕ್ಷೆ ನಾಳೆ ಏನೂ ಇಲ್ಲ ಅನ್ನಬಹುದು, ಆದರೆ ಊರು ಪರೀಕ್ಷೆಯ ಕಾಗದ ಓದುವುದಿಲ್ಲ.

"ಇದು ನನ್ನಿಂದಾಗಲ್ಲ ಗಾರ್ತ್. ನಾನು ಬೇರೆ ಬರೆದು ಕಳಿಸ್ತೀನಿ. ಟೀಗನ್ ನಿಯಮದ ಪ್ರಕಾರ ಮಾಡಿದ್ಲು ಅಂತಾನೂ ಬರೀತೀನಿ."

"ಬರೆದ ಮೇಲೆ ಈ ಕೋಣೆಗೆ ಬರ್ಬೇಡ."

"ಬರಲ್ಲ," ಅಂದಳು. ಅವನಿಗೆ ಕಣ್ಣಲ್ಲಿ ನೀರಿತ್ತು. ಅವಳಿಗೆ ಇರಲಿಲ್ಲ, ಇನ್ನೂ ಮುಖ್ಯವಾದ ಕೆಲಸ ಬಾಕಿಯಿತ್ತು.

ಗುರುವಾರ ಬೆಳಿಗ್ಗೆ ಅವಳು ಕಾರು ತೆಗೆದುಕೊಂಡು ಪೋರ್ಟ್ ಲಿಂಕನ್‌ಗೆ ಹೊರಟಳು. ಮೂರು ಗಂಟೆಯ ದಾರಿ, ಒಂದು ಕಡೆ ಸಮುದ್ರ, ಒಂದು ಕಡೆ ಕೊಯ್ದ ಗೋಧಿಯ ಬಯಲು. ತನಿಖೆಯವರಿಗೆ ಬರೆದ ಕಾಗದ ಆಗಲೇ ಅಂಚೆಗೆ ಹೋಗಿತ್ತು. ಆದರೆ ತನಿಖೆಯ ಕಾಗದ ಬಾಯಿ ಬಿಡುವುದಕ್ಕೆ ಒಂದು ವರ್ಷ ಬೇಕು. ಹೆಣ ಮಣ್ಣಿಗೆ ಹೋಗುವುದು ಶನಿವಾರ. ಸಮಾಧಿಯ ಸುತ್ತ ನಿಂತವರು ಏನು ಅಂದುಕೊಂಡು ನಿಲ್ಲುತ್ತಾರೆ ಅನ್ನುವುದು ಶನಿವಾರದೊಳಗೆ ತೀರ್ಮಾನವಾಗಬೇಕಿತ್ತು.

ಮರ್ವ್ ಹೇಳಿದ ಗುರುತಿನಿಂದ ಮನೆ ಸಿಕ್ಕಿತು. ಬಾಗಿಲು ತೆಗೆದವಳು ಕಪ್ಪು ಬಟ್ಟೆಯ, ಎತ್ತರದ ಹೆಂಗಸು. ಜೋರ್ಕಾ, ಫ್ರಾನೆಯ ಹೆಂಡತಿ. ಅಡುಗೆಮನೆಯಲ್ಲಿ ಫ್ರಾನೆಯ ತಮ್ಮ ಶಿಮೆ ಮೇಜಿಗೆ ಮೊಣಕೈ ಊರಿ ಕೂತಿದ್ದ. ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು, ಮೇಜಿನ ತುಂಬ ಬೇರೆಯವರು ತಂದಿಟ್ಟ ಊಟದ ಪಾತ್ರೆಗಳು, ಯಾವುದರ ಮುಚ್ಚಳವನ್ನೂ ತೆಗೆದಿರಲಿಲ್ಲ.

"ಅಲಾರಂ ಕಂಪನಿಯವರಾ?" ಅಂದ ಶಿಮೆ. "ಬಟನ್ ಚೆನ್ನಾಗಿತ್ತು ಅಂತ ಹೇಳೋಕೆ ಬಂದ್ರಾ? ಗೊತ್ತು. ನಿಮ್ಮ ಮನೇಜರ್ ಪತ್ರಿಕೆಯವರ ಹತ್ರ ಹೇಳಾಯ್ತು."

"ಕೂತ್ಕೊಳ್ಳಿ," ಅಂದಳು ಜೋರ್ಕಾ. "ಶಿಮೆ, ಸುಮ್ನಿರು ನೀನು. ಕಾಫಿಗೆ ಸಕ್ಕರೆ ಹಾಕ್ಲಾ?"

"ಏನೂ ಬೇಡ. ಮೊದ್ಲು ನಾನು ಹೇಳ್ಬೇಕಾದ್ದು ಹೇಳಿಬಿಡ್ತೀನಿ. ಕೇಳಿದ್ಮೇಲೆ ನೀವು ಕಾಫಿ ಕೊಡಲ್ಲ." ಲೋರ್ನಾ ಕೈಚೀಲದಿಂದ ದಾಖಲೆಯ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟಳು. "ಫ್ರಾನೆಯವ್ರು ಬಟನ್ ಒತ್ತಿದ್ರು. ಏಳು ಸಲ ಒತ್ತಿದ್ರು. ಏಳೂ ನಮ್ಮಲ್ಲಿಗೆ ಬಂತು. ನಮ್ಮ ಕಂಪ್ಯೂಟರ್ ಅದನ್ನ ಕರೆಂಟ್ ಹೋಗಿದೆ ಅಂತ ಓದ್ತು. ಯಾಕಂದ್ರೆ ಹಾಗೆ ಓದು ಅಂತ ಅದಕ್ಕೆ ಹೇಳಿದ್ದು ನಾನು. ಕಾರ್ಡಿನಲ್ಲಿ ಬೇರೆ ಬರೆದಿತ್ತು. ನಾನು ಆ ಕಾರ್ಡು ನೋಡ್ಲಿಲ್ಲ."

ಕಾಫಿ ಉಕ್ಕಿ ಒಲೆಯ ಮೇಲೆ ಚುರ್ ಅಂದಿತು. ಶಿಮೆ ಎದ್ದು ಅದನ್ನು ಆರಿಸಿ, ಬೆನ್ನು ತೋರಿಸಿ ಅಲ್ಲೇ ನಿಂತ.

ಜೋರ್ಕಾ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೆರಳಿಟ್ಟು ಒಂದೊಂದೇ ಸಾಲು ಇಳಿದಳು.

"ಇದು ಗಂಟೆಯಾ?"

"ಹೌದು."

"ಹನ್ನೆರಡು ಮೂವತ್ತೆಂಟು. ಇಷ್ಟು ಹೊತ್ತಿನ ತನಕ ಬದುಕಿದ್ದಾನೆ." ಅವಳು ತಲೆಯೆತ್ತಿದಳು. "ಮೊದಲನೇ ಸಲ ಒತ್ತಿದಾಗಲೇ ನೀವು ಫೋನ್ ಮಾಡಿದ್ರೆ?"

"ಇಲ್ಲಿಂದ ಹತ್ತು ನಿಮಿಷಕ್ಕೆ ಯಾರಾದ್ರೂ ಹೋಗ್ತಿದ್ರು."

"ಆರು ನಿಮಿಷ," ಅಂದ ಶಿಮೆ, ತಿರುಗದೆ. "ನನ್ನ ಮನೆಯಿಂದ ಆರು ನಿಮಿಷ. ನಾನು ಮನೇಲೇ ಇದ್ದೆ. ಎಲ್ಲಿ ಹಾಳಾಗಿ ಹೋದ ಇವನು ಅಂತ ಬೈಕೊಂಡು ಕೂತಿದ್ದೆ. ಎಲ್ಲೋ ಕುಡಿದು ಬಿದ್ದಿರ್ತಾನೆ ಅಂತಾನೂ ಅಂದೆ. ಬಾಯಾರೆ ಅಂದೆ."

ಲೋರ್ನಾ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಜೋರ್ಕಾ ಕೈ ಅಡ್ಡ ಹಿಡಿದಳು.

"ಕ್ಷಮೆ ಕೇಳ್ಬೇಡ. ಕೇಳಿದ್ರೆ ನಾನು ಏನಾದ್ರೂ ಹೇಳ್ಬೇಕಾಗುತ್ತೆ. ನನ್ನ ಹತ್ರ ಅದು ಇಲ್ಲ." ಲೋರ್ನಾಳನ್ನು ನೀವು ಅನ್ನುವುದು ಬಿಟ್ಟುಹೋಗಿತ್ತು. "ಬರಿ. ಈಗ ಹೇಳಿದ್ದೆಲ್ಲ ಬರಿ. ನಿನ್ನ ಕೈಬರಹದಲ್ಲಿ, ನಿನ್ನ ಹೆಸರು ಹಾಕಿ. ಕಂಪ್ಯೂಟರ್ ಅದು ಇದು ಅಂತ ಬೇಡ. ಅವನು ಒತ್ತಿದ, ಎಷ್ಟೆಷ್ಟು ಹೊತ್ತಿಗೆ ಒತ್ತಿದ, ನಿಮ್ಮ ಕಂಪನಿಗೆ ಬಂತು, ನೀವ್ಯಾರೂ ಬರ್ಲಿಲ್ಲ. ಪಬ್ಬಿನಲ್ಲಿರೋರಿಗೂ ಅರ್ಥ ಆಗೋ ಹಾಗೆ ಬರಿ."

ಶಿಮೆ ಎಲ್ಲಿಂದಲೋ ಒಂದು ಹಾಳೆ ಮತ್ತು ಪೆನ್ನು ತಂದಿಟ್ಟ. ಲೋರ್ನಾ ಬರೆದಳು. ಸಮಯಗಳನ್ನು ಬರೆಯುವಾಗ ಹನ್ನೊಂದು ಇಪ್ಪತ್ತೈದನ್ನು ತಪ್ಪಿ ಎರಡು ಸಲ ಬರೆಯಬೇಕಾಯಿತು. ಕೊನೆಗೆ ತನ್ನ ಹೆಸರು, ಮನೆಯ ವಿಳಾಸ, ಫೋನ್ ನಂಬರು. ಯಾರು ಬೇಕಾದರೂ ಫೋನು ಮಾಡಿ ಕೇಳಬಹುದು ಅಂತಲೂ ಸೇರಿಸಿದಳು.

ಜೋರ್ಕಾ ಓದಿದಳು, ಶಿಮೆಗೆ ಕೊಟ್ಟಳು. ಅವನು ನಿಂತಲ್ಲೇ ಓದಿ, ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡು, ಗಾಡಿಯ ಕೀಲಿಕೈ ತೆಗೆದುಕೊಂಡು ಹೊರಟ. ಎಲ್ಲಿಗೆ ಅಂತ ಜೋರ್ಕಾ ಕೇಳಲಿಲ್ಲ. ಪಬ್ಬು ಬಾಗಿಲು ತೆಗೆಯುವ ಹೊತ್ತಾಗಿತ್ತು.

ಇಬ್ಬರು ಹೆಂಗಸರೇ ಉಳಿದರು. ಲೋರ್ನಾ ಚೀಲ ಎತ್ತಿಕೊಂಡಳು.

"ಮಂಗಳವಾರ ನಾನು ಗ್ಯಾರೇಜೆಲ್ಲ ಹುಡುಕಿದೆ," ಅಂದಳು ಜೋರ್ಕಾ. ಅವಳು ಲೋರ್ನಾಳ ಕಡೆ ನೋಡುತ್ತಿರಲಿಲ್ಲ. "ಬಾಟಲಿ ಎಲ್ಲಿಟ್ಟಿದ್ದಾನೆ ಅಂತ. ಅವನ ಬೂಟಿನೊಳಗೆ, ಬಲೆ ಕೆಳಗೆ, ಪೇಂಟ್ ಡಬ್ಬದ ಹಿಂದೆ. ಮೊದಲೆಲ್ಲ ಅಲ್ಲೇ ಬಚ್ಚಿಡ್ತಿದ್ದ. ಎರಡು ಗಂಟೆ ಹುಡುಕಿದೆ. ಏನೂ ಸಿಗ್ಲಿಲ್ಲ. ಆಗ್ಲೂ ನಾನು ಏನಂದ್ಕೊಂಡೆ ಗೊತ್ತಾ? ಈ ಸಲ ಚೆನ್ನಾಗಿ ಬಚ್ಚಿಟ್ಟಿದ್ದಾನೆ ಅಂದ್ಕೊಂಡೆ."

ಲೋರ್ನಾ ಬಾಗಿಲ ಹತ್ತಿರ ನಿಂತಿದ್ದಳು.

"ಶನಿವಾರ ಹತ್ತು ಗಂಟೆಗೆ," ಅಂದಳು ಜೋರ್ಕಾ. "ನೀನು ಬರ್ಬೇಡ."

"ಇಲ್ಲ."

"ಹೋಗು ಈಗ. ಕತ್ತಲಾದ್ರೆ ದಾರಿಯಲ್ಲಿ ಕಾಂಗರೂ ಜಾಸ್ತಿ. ಬೆಳಕಿರೋವಾಗ್ಲೇ ಮನೆ ಸೇರ್ಕೊ."

ಲೋರ್ನಾ ಮೆಟ್ಟಿಲಿಳಿದು ಕಾರಿನ ತನಕ ನಡೆದಳು. ಹಿಂದೆ ಅಡುಗೆಮನೆಯಲ್ಲಿ ಜೋರ್ಕಾ ಪಾತ್ರೆಗಳ ಮುಚ್ಚಳವನ್ನು ಒಂದೊಂದೇ ತೆಗೆಯುತ್ತಿರುವ ಸದ್ದು ಕೇಳಿಸುತ್ತಿತ್ತು.